ತೋತಿ ಅಂದರೆ ಅನ್ನಲಿ ಬಿಡು

ಎರಡೂವರೆ ವರ್ಷದ ಮಗು ಕೋತಿಯನ್ನು ತೋತಿ ಅಂದರೆ ಅಷ್ಟೊಂದು ಗಾಬರಿಯಾಗಬೇಡ ಕಣಮ್ಮ. ನಿನ್ನ ಗಂಡನೂ ಆ ವಯಸ್ಸಿನಲ್ಲಿ ಕಾಗೆಯನ್ನು ತಾದೆ ಅನ್ನುತ್ತಿದ್ದ. ಈಗ ಆಫೀಸಿನಲ್ಲಿ ಅವನದೇ ಬಾಯಿ ಜೋರಂತೆ.

ಮಕ್ಕಳ ಬಾಯಿಗೆ ಅಕ್ಷರಗಳೆಲ್ಲ ಒಟ್ಟಿಗೆ ಬರುವುದಿಲ್ಲ. ಪ, ಬ, ಮ ಸುಲಭ. ತುಟಿ ಸೇರಿಸಿ ಬಿಟ್ಟರೆ ಆಯಿತು, ನೀನು ಹೇಗೆ ಅಂದೆ ಅನ್ನುವುದು ಕೂಸಿನ ಕಣ್ಣಿಗೂ ಕಾಣುತ್ತದೆ. ಏಳೆಂಟು ತಿಂಗಳಿಗೇ ಬಬಬ, ಮಮಮ ಶುರುವಾಗುವುದು ಅದಕ್ಕೇ. ಬುವ್ವ, ಮಮ್ಮು, ಪಾಪು, ಪೀಪಿ ಎಂದು ನಮ್ಮ ಅಜ್ಜಿಯರು ಎಳೆಮಕ್ಕಳಿಗೆಂದೇ ಆಡುತ್ತಿದ್ದ ಮಾತುಗಳೂ ಎಲ್ಲ ತುಟಿಯವೇ. ತ, ದ, ನ ಅದರ ಹಿಂದೆಯೇ ಬರುತ್ತವೆ. ಕ, ಗ ಹಾಗಲ್ಲ. ನಾಲಿಗೆಯ ಹಿಂಭಾಗ ಎದ್ದು ಅಂಗುಳಕ್ಕೆ ತಾಗಬೇಕು, ಅದು ಹೊರಗಿನಿಂದ ಕಾಣುವುದೂ ಇಲ್ಲ. ಹಾಗಾಗಿ ಮಗು ಕೈಗೆ ಸಿಕ್ಕ ತ, ದ ಇಟ್ಟುಕೊಂಡು ಕೆಲಸ ಸಾಗಿಸುತ್ತದೆ. ಸ, ಶ, ಳ ಇನ್ನೂ ತಡ. ರ ಅಂತೂ ನಾಲ್ಕೈದು ವರ್ಷವಾದರೂ ಕೆಲವರಿಗೆ ಹಿಡಿತಕ್ಕೆ ಸಿಗುವುದಿಲ್ಲ. ನಿನ್ನ ಮಗನ ರೈಲು ಸದ್ಯಕ್ಕೆ ಲೈಲಾಗಿಯೇ ಓಡಲಿ.

ಸ್ನಾನ ಮಾಡಿಸಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಮೈ ಒರೆಸುತ್ತೀಯಲ್ಲ, ಆ ಹೊತ್ತು ಕ ಆಟಕ್ಕೆ ಚೆನ್ನ. ಅಂಗಾತ ಮಲಗಿದಾಗ ನಾಲಿಗೆ ತಾನಾಗಿ ಹಿಂದಕ್ಕೆ ಜಾರುತ್ತದೆ. ಅವನ ಮುಖಕ್ಕೆ ಎದುರಾಗಿ ಬಗ್ಗು, ಬಾಯಿ ದೊಡ್ಡದಾಗಿ ತೆರೆದು ಕಾ ಕಾ ಅನ್ನು. ನಡುವೆ ಒಮ್ಮೆ ಕೆಮ್ಮಿದ ಹಾಗೆ ಗಂಟಲ ಹತ್ತಿರದಿಂದ ಕ್ಕ ಅನ್ನು. ಅವನು ತಾ ತಾ ಅಂದರೆ ನಕ್ಕು ನೀನು ಮತ್ತೆ ಕಾ ಅನ್ನು, ಅಷ್ಟೇ. ಮೂರು ನಾಲ್ಕು ನಿಮಿಷ ಸಾಕು. ಅವನ ಗಮನ ಕಾಲ್ಬೆರಳಿನ ಕಡೆ ಹೋಯಿತು ಅಂದರೆ ಆಟ ಮುಗಿದ ಹಾಗೆ.

ಉಳಿದ ಅಭ್ಯಾಸವೆಲ್ಲ ಮಾತಿನ ಮಧ್ಯೆಯೇ ನಡೆಯಬೇಕು. 'ತೋತಿ ಬಂತು' ಅಂದನೇ? 'ಹೌದು, ಕೋತಿ ಬಂತು! ಕೋತಿ ಕಾಂಪೌಂಡ್ ಮೇಲೆ ಕೂತಿದೆ ನೋಡು' ಅನ್ನು. ಒಂದೇ ಉಸಿರಿಗೆ ನಾಲ್ಕು ಕ ಅವನ ಕಿವಿಗೆ ಬಿತ್ತು. 'ತೋತಿ ಅಲ್ಲ, ಕೋ-ತಿ, ಎಲ್ಲಿ ಹೇಳು' ಅಂತ ನಿಲ್ಲಿಸಿ ಕೇಳಿದರೆ ಅವನು ಕೋತಿಯ ಸುದ್ದಿಯನ್ನೇ ಬಿಟ್ಟುಬಿಡುತ್ತಾನೆ. ನೆಂಟರ ಮುಂದೆ ನಿಲ್ಲಿಸಿ ಹೇಳಿಸುವುದಂತೂ ಬೇಡವೇ ಬೇಡ. ನಿಮ್ಮ ಮಾವನವರು ತಮಾಷೆಗೆ ತಾವೂ ತೋತಿ ಅನ್ನುತ್ತಾರಲ್ಲ, ಅದನ್ನೂ ನಯವಾಗಿ ನಿಲ್ಲಿಸು. ಮಗುವಿಗೆ ಸರಿಯಾದದ್ದು ಯಾರ ಬಾಯಲ್ಲಾದರೂ ಕೇಳಿಸಬೇಕಲ್ಲ!

ಸರಿ ಯಾವುದು ಅನ್ನುವುದು ಅವನಿಗೆ ಗೊತ್ತಿಲ್ಲ ಅಂತಲೂ ತಿಳಿಯಬೇಡ. 1960ರಲ್ಲಿ ಜೀನ್ ಬೆರ್ಕೊ, ರೋಜರ್ ಬ್ರೌನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಮಗುವಿನ ವಿಷಯ ಬರೆದಿದ್ದರು. ಅದು ತನ್ನ ಪ್ಲಾಸ್ಟಿಕ್ ಫಿಶ್‌ಗೆ ಫಿಸ್ ಅನ್ನುತ್ತಿತ್ತು. ದೊಡ್ಡವರು 'ಇದು ನಿನ್ನ ಫಿಸ್ಸಾ?' ಅಂದರೆ ಅಲ್ಲ ಅಲ್ಲ ಎಂದು ಹಟ ಹಿಡಿಯಿತು. ಫಿಶ್ ಅಂದಾಗ ಮಾತ್ರ ಹೌದು ಎಂದು ಒಪ್ಪಿ, ಆಗಲೂ ಫಿಸ್ ಅಂತಲೇ ಹೇಳಿತು! ಕಿವಿ ಮುಂದೆ ಹೋಗಿರುತ್ತದೆ, ನಾಲಿಗೆ ಹಿಂದಿನಿಂದ ಬರುತ್ತಿರುತ್ತದೆ.

ಬಜೆ ತೇಯ್ದು ನಾಲಿಗೆಗೆ ಹಚ್ಚು ಎಂದು ಊರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಆ ಕಾಲದವಳೇ, ಆದರೂ ಬೇಡ. ಮಕ್ಕಳ ಡಾಕ್ಟರುಗಳು ಬೇಡ ಅನ್ನುತ್ತಾರೆ, ಮಾತು ಬರುವುದು ಬೇರಿನಿಂದಲೂ ಅಲ್ಲ. ಪ್ಲೇಹೋಮಿನವರು 'ಮನೆಯಲ್ಲೂ ಇಂಗ್ಲಿಷೇ ಆಡಿ' ಅಂದರೆ ತಲೆಯಾಡಿಸಿ ಬಂದು ಕನ್ನಡದಲ್ಲೇ ಮಾತಾಡಿಸು. ಎರಡು ಭಾಷೆ ಕೇಳಿದ್ದರಿಂದ ಮಾತು ಕೆಡುವುದಿಲ್ಲ. ಯಾವ ಭಾಷೆಯಲ್ಲಿ ನಿನಗೆ ಹರಟೆ, ಮುದ್ದು, ಗದರಿಕೆ ಎಲ್ಲ ಸಲೀಸಾಗಿ ಬರುತ್ತದೋ ಅದರಲ್ಲಿ ಮಾತು ತುಂಬಾ ಸಿಗುತ್ತದೆ ಅವನಿಗೆ. ಟಿವಿ, ಮೊಬೈಲು ಎಷ್ಟು ಮಾತಾಡಿದರೂ ಲೆಕ್ಕಕ್ಕಿಲ್ಲ. ಅವು ಇವನ ಮಾತಿಗೆ ಓಗೊಡುವುದಿಲ್ಲವಲ್ಲ.

ನಾನು ನಿಜವಾಗಿ ಯೋಚಿಸುವುದು ಅವನ ಶೀತದ ಬಗ್ಗೆ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ತುಂಬಿ ಕೇಳುವುದು ಮಂದವಾಗಬಹುದು, ನೋವಿಲ್ಲದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನಾ ನೋಡು. ಅನುಮಾನ ಬಂದರೆ ಕಿವಿ ಪರೀಕ್ಷೆ ಮೊದಲು, ಮಾತಿನ ಚಿಂತೆ ಆಮೇಲೆ. ಎರಡು ವರ್ಷವಾದರೂ ಎರಡು ಮಾತು ಜೋಡಿಸದ ಮಗು, ಮೂರು ತುಂಬಿದರೂ ಹೊರಗಿನವರಿಗೆ ಮಾತು ಅರ್ಥವೇ ಆಗದ ಮಗು, ಬರುತ್ತಿದ್ದ ಮಾತು ನಿಂತುಹೋದ ಮಗು — ಇವರನ್ನು ಮಾತ್ರ 'ಗಂಡುಮಕ್ಕಳಿಗೆ ಮಾತು ತಡ' ಎಂದು ಮನೆಯಲ್ಲಿ ಕೂರಿಸಬಾರದು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಇರುವುದು. ಆಯಿಷ್ ಅಂದರೆ ಆಟೋದವರಿಗೂ ಗೊತ್ತು.

ನಿನ್ನ ಮಗನಿಗೆ ಎರಡು ಮೂರು ಮಾತು ಜೋಡಿಸಲು ಬರುತ್ತದೆ, ಹಾಗಾಗಿ ನನಗೇನೂ ಆತಂಕವಿಲ್ಲ. ತೋರಿಸಲೇಬೇಕು ಅನ್ನಿಸಿದರೆ ದಸರಾಕ್ಕೆ ಬಂದಾಗ ಇಬ್ಬರೂ ಹೋಗಿಬರೋಣ. ಹೊರಡುವ ಮುಂಚೆ ಅವನು ಆಟವಾಡುತ್ತಾ ಆಡುವ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೋ. ಹೊಸಬರನ್ನು ಕಂಡರೆ ನಿನ್ನ ಸೆರಗಿನ ಹಿಂದೆ ಸೇರಿಕೊಳ್ಳುವವನು, ಅಲ್ಲಿ ತುಟಿ ಬಿಚ್ಚುವುದು ಅನುಮಾನ.