ಮಾರುತಿ 800ರ ಡೋರ್ ಪ್ಯಾಡ್: ಬಿಚ್ಚುವವರಿಗೆ ಮೊದಲ ಪಾಠ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಇವತ್ತು ಅಂಗಳದಲ್ಲಿ ನಿಂತಿರುವ 800 ಯಾವುದೇ ಆಗಲಿ, ಹತ್ತು ವರ್ಷ ದಾಟಿದ ಗಾಡಿಯೇ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಗಾಜು ಅರ್ಧಕ್ಕೇ ನಿಲ್ಲುತ್ತದೆ, ಬಾಗಿಲು ಹಾಕಿದರೆ ಒಳಗೇನೋ ಗಡಗಡ ಎನ್ನುತ್ತದೆ. ಒಳಗೆ ನೋಡಬೇಕೆಂದರೆ ಡೋರ್ ಪ್ಯಾಡ್ ಬಿಚ್ಚಲೇಬೇಕು. ಹಳೆಯ ಕಾರಿನ ಒಳಗೆಲಸ ಕಲಿಯುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಸ್ಕ್ರೂ, ಕ್ಲಿಪ್, ಕಣ್ಣಿಗೆ ಬೀಳದ ಲಾಕ್ ಮೂರನ್ನೂ ಈ ಒಂದು ಹಲಗೆ ಕಲಿಸುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಹಳೆಯ ಹತ್ತಿಬಟ್ಟೆ, ಚಪ್ಪಟೆಯಾದ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ, ಸ್ಕ್ರೂ ಹಾಕಿಡಲು ಖಾಲಿ ಮೊಟ್ಟೆ ಟ್ರೇ. ಬಿಚ್ಚಿದ ಕ್ರಮದಲ್ಲೇ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ ಹಾಕಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ವಯಸ್ಸಾದ ಪ್ಲಾಸ್ಟಿಕ್ ಚಳಿಯಲ್ಲಿ ಇನ್ನಷ್ಟು ಪೆಡಸಾಗುತ್ತದೆ. ಮುಂಜಾನೆ ಬೇಡ, ಕಾರು ಸ್ವಲ್ಪ ಹೊತ್ತು ಬಿಸಿಲು ಕಾಯಿಸಿದ ಮೇಲೆ ಕೈಹಾಕಿ.

ಮೊದಲು ಗಾಜನ್ನು ಪೂರ್ತಿ ಮೇಲೆತ್ತಿ, ಗ್ಲಾಸ್ ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆ ಎಂದು ನೋಡಿಕೊಳ್ಳಿ. ಆ ಹ್ಯಾಂಡಲಿಗೆ ಹೊರಗೆ ಸ್ಕ್ರೂ ಕಾಣುವುದಿಲ್ಲ. ಹೊಸಬರು ಸೋಲುವುದು ಇಲ್ಲೇ. ಹ್ಯಾಂಡಲಿನ ಬೆನ್ನಿಗೆ ಕುದುರೆ ಲಾಳದ ಆಕಾರದ ಸಣ್ಣ ತಂತಿ ಕ್ಲಿಪ್ ಇದೆ. ಹ್ಯಾಂಡಲಿಗೂ ಅದರ ಹಿಂದಿನ ದುಂಡು ಬಿಲ್ಲೆಗೂ ನಡುವೆ ಬಟ್ಟೆಯನ್ನು ತೂರಿಸಿ, ಎರಡೂ ತುದಿ ಹಿಡಿದು ಅತ್ತ ಇತ್ತ ಎಳೆಯಿರಿ. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ಅದನ್ನು ಹೊರಕ್ಕೆ ದೂಡುತ್ತದೆ. ಚಿಮ್ಮಿ ಎಲ್ಲೋ ಬೀಳಬಹುದು, ಇನ್ನೊಂದು ಕೈ ಅಡ್ಡ ಇರಲಿ.

ಆಮೇಲೆ ಆರ್ಮ್‌ರೆಸ್ಟ್ ಅಥವಾ ಬಾಗಿಲು ಎಳೆಯುವ ಹಿಡಿಯ ಸ್ಕ್ರೂಗಳು, ಬಾಗಿಲು ತೆರೆಯುವ ಒಳಹಿಡಿಯ ಸುತ್ತಲಿನ ಚೌಕಟ್ಟು. ಮಾದರಿಯಿಂದ ಮಾದರಿಗೆ ಇವು ಬೇರೆ ಬೇರೆ. ಕೆಲವು ಕಡೆ ಸ್ಕ್ರೂ ಮೇಲೆ ಪುಟ್ಟ ಮುಚ್ಚಳ ಕೂತಿರುತ್ತದೆ, ಬೆರಳಾಡಿಸಿ ಹುಡುಕಿ.

ಈಗ ಪ್ಯಾಡ್ ಉಳಿದಿರುವುದು ಅಂಚಿನ ಕ್ಲಿಪ್ಪುಗಳ ಮೇಲೆ. ಕೆಳಗಿನ ಮೂಲೆಯಲ್ಲಿ ಪಟ್ಟಿ ತೂರಿಸಿ, ಕ್ಲಿಪ್ ಸಿಕ್ಕುವ ತನಕ ಸರಿಸಿ, ಅದರ ಪಕ್ಕದಲ್ಲೇ ಮೀಟಿ. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ರಟ್ಟಿನಂಥ ಹಲಗೆ ಮುರಿದು ಕೈಗೆ ಬರುತ್ತದೆ. ಎಲ್ಲಾದರೂ ಬಿಗಿಹಿಡಿದರೆ ಬಲ ಹಾಕಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎಂಬ ಗಾದೆ ಈ ಗಳಿಗೆಗೇ ಹುಟ್ಟಿದಂತಿದೆ.

ಪ್ಯಾಡ್ ಬಂದ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಕಾಣುತ್ತದೆ. ಅವಸರದ ಕೈಗಳು ಅದನ್ನು ಹರಿದು ಬಿಸಾಡುತ್ತವೆ. ಸ್ವಲ್ಪ ನಿಲ್ಲಿ, ಈ ಪಾಠದ ತಿರುಳು ಇಲ್ಲಿದೆ. ಮಳೆನೀರು ಗಾಜಿನ ಮೇಲಿಂದ ಜಾರಿ ಬೀಡಿಂಗ್ ದಾಟಿ ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಇದು ದೋಷವಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ತಳದ ತೂತುಗಳಿಂದ ಆ ನೀರು ಹೊರಗೆ ಹೋಗುತ್ತದೆ. ಒಳಗೆ ಸಿಡಿಯುವ ಹನಿಗಳು ಪ್ಯಾಡಿಗೆ ತಾಗದಂತೆ ತಡೆಯುವುದು ಈ ಹಾಳೆ ಒಂದೇ. ಅದಿಲ್ಲದ ಬಾಗಿಲಿನಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತದೆ, ಕ್ಲಿಪ್ ಕೂರುವ ತೂತುಗಳು ಸಡಿಲವಾಗುತ್ತವೆ, ಪ್ಯಾಡ್ ಜೋತುಬೀಳುತ್ತದೆ. ಆದ್ದರಿಂದ ಹಾಳೆಯನ್ನು ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿ. ಹರಿದಿದ್ದರೆ ದಪ್ಪ ಪಾಲಿಥಿನ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿಕೊಳ್ಳಿ.

ಒಳಗಿನ ರಿಪೇರಿ ಮುಗಿದ ಮೇಲೆ ಕಡ್ಡಿಯಿಂದ ತಳದ ತೂತುಗಳ ಮಣ್ಣು ತೆಗೆಯಿರಿ. ಹ್ಯಾಂಡಲನ್ನು ಸುಮ್ಮನೆ ಸಿಕ್ಕಿಸಿ ಗಾಜು ಮೇಲೆ ಕೆಳಗೆ ಆಡಿಸಿ ನೋಡಿ, ಲಾಕ್ ಹಾಕಿ ತೆಗೆಯಿರಿ. ಮುಚ್ಚಿದ ಮೇಲೆ ನೆನಪಾದರೆ ಮತ್ತೆ ಮೊದಲಿನಿಂದ ಬಿಚ್ಚಬೇಕು.

ಹಾಳೆ ಅಂಟಿಸುವಾಗ ಅದರ ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ಇಳಿದಿರಲಿ. ಹೊರಗಿದ್ದರೆ ನೀರು ನೇರ ಪ್ಯಾಡಿಗೇ ಬರುತ್ತದೆ. ಮುರಿದ ಕ್ಲಿಪ್ಪುಗಳಿಗೆ ಬದಲಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋದರಾಯಿತು. ಹಳೆಯ ಕ್ಲಿಪ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎಲ್ಲ ಕ್ಲಿಪ್ಪುಗಳೂ ತಮ್ಮ ತಮ್ಮ ತೂತಿಗೆ ಎದುರಾಗಿವೆಯೇ ನೋಡಿ, ಒಂದು ಕಡೆಯಿಂದ ಅಂಗೈಯಲ್ಲಿ ಗುದ್ದುತ್ತಾ ಬನ್ನಿ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂವನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ. ಹಳೆಯ ಮರೆಗೆ ಟಕ್ ಎಂದು ಇಳಿದ ಮೇಲೆ ಬಿಗಿಮಾಡಿ, ಅದೂ ಹದವಾಗಿ. ಕೊನೆಗೆ ಲಾಳದ ಕ್ಲಿಪ್ಪನ್ನು ಹ್ಯಾಂಡಲಿಗೇ ಸಿಕ್ಕಿಸಿ, ಗಾಜು ಮೇಲಿರುವಾಗ ನೋಡಿಟ್ಟ ದಿಕ್ಕಿಗೆ ಹಿಡಿದು ಒಮ್ಮೆ ತಟ್ಟಿ.

ಈಗ ಒಂದು ಚೊಂಬು ನೀರನ್ನು ಹೊರಗಿನಿಂದ ಗಾಜಿನ ಮೇಲೆ ಹುಯ್ಯಿರಿ. ಬಾಗಿಲಿನ ತಳದಿಂದ ನೀರು ತೊಟ್ಟಿಕ್ಕುತ್ತಾ, ಒಳಗೆ ಪ್ಯಾಡ್ ಒಣಗಿಯೇ ಇದ್ದರೆ ನೀವು ಪಾಸಾದಿರಿ.