ಬ್ಯಾಂಕಾಕಿನಲ್ಲಿ ರೂಮು ಹಿಡಿಯುವ ಮುನ್ನ

ಬ್ಯಾಂಕಾಕಿಗೆ ಹೊರಟಿದ್ದೀರಾ? ಹೋಟೆಲ್ ಹೆಸರಿನ ಜೊತೆ ‘ಸುಖುಮ್ವಿಟ್’ ಅಂತ ಕಂಡೊಡನೆ ಊರ ನಡುವೆಯೇ ಜಾಗ ಸಿಕ್ಕಿತೆಂದು ದುಡ್ಡು ಕಟ್ಟಿಬಿಡಬೇಡಿ. ಸುಖುಮ್ವಿಟ್ ಒಂದು ರಸ್ತೆ; ನಗರ ದಾಟಿ ಕಾಂಬೋಡಿಯಾ ಗಡಿಯ ತ್ರಾತ್ ಪ್ರಾಂತ್ಯದವರೆಗೂ ಓಡುತ್ತದೆ. ಹಾಗಾಗಿ ಸೊಯ್, ಅಂದರೆ ಅಡ್ಡರಸ್ತೆಯ, ಸಂಖ್ಯೆ ನೋಡಿ. ಬೆಸ ಸಂಖ್ಯೆಗಳು ಒಂದು ಬದಿ, ಸಮ ಸಂಖ್ಯೆಗಳು ಇನ್ನೊಂದು ಬದಿ. ಎರಡೂ ಹೊಂದಿಕೊಂಡು ಸಾಗುವುದಿಲ್ಲ: 55ರ ಎದುರಿಗೆ 56 ಹುಡುಕಿ ಹೋದರೆ ಕಾಣುವುದು 38! ಸೊಯ್ ಸರಿಯಿದ್ದರೂ ಸಾಲದು. ಕೆಲವು ಬಹಳ ಉದ್ದ. ಸ್ಕೈಟ್ರೇನ್, ಅಂದರೆ ಎತ್ತರದ ಹಳಿಯ ಮೇಲೆ ಓಡುವ ರೈಲಿನ, ನಿಲ್ದಾಣದಿಂದ ಎಷ್ಟು ನಡೆಯಬೇಕೆಂದು ಮೊದಲೇ ಕೇಳಿ. ಆ ಸೆಕೆಯಲ್ಲಿ ಸೂಟ್‌ಕೇಸ್ ಎಳೆಯುವ ಉಸಾಬರಿ ಯಾರಿಗೆ ಬೇಕು ಹೇಳಿ.

ಅರಮನೆ, ವಾಟ್ ಫೋ ದೇಗುಲ ಇರುವ ಹಳೇ ಊರು ರತನಕೋಸಿನ್‌ಗೆ ಸ್ಕೈಟ್ರೇನ್ ಇಲ್ಲ. 2019ರಲ್ಲಿ ಶುರುವಾದ ಸನಾಮ್ ಚಾಯ್ ಮೆಟ್ರೋ ನಿಲ್ದಾಣ ಅಥವಾ ಚಾವೊ ಫ್ರಾಯಾ ನದಿಯ ದೋಣಿಯೇ ಅನುಕೂಲ. ಸಂಜೆಯ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ ನಂಬಿದರೆ ಬೆಂಗಳೂರೇ ವಾಸಿ ಅನ್ನಿಸೀತು. ಸಸ್ಯಾಹಾರಿಗಳು ಭಾರತೀಯರ ಪೇಟೆ ಪಾಹುರತ್ ಕಡೆ ಹೋದರೆ ಊಟದ ಚಿಂತೆ ಕಡಿಮೆ.

ಇನ್ನೊಂದು ಮಾತು: ವಿಮಾನ ನಿಲ್ದಾಣ ಎರಡಿವೆ, ಪೂರ್ವಕ್ಕೆ ಸುವರ್ಣಭೂಮಿ, ಉತ್ತರಕ್ಕೆ ಡಾನ್ ಮುಯಾಂಗ್. ವಾಪಸ್ ಟಿಕೆಟ್ಟಿನಲ್ಲಿ ಯಾವುದಿದೆಯೆಂದು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.