ಅಂಕ ತಿದ್ದಿದರೂ ಸಾಲು ಕದಲದೇ? ವೆಬ್ ಟೇಬಲ್ ಸಾರ್ಟಿಂಗ್ ಸರಿಪಡಿಸುವ ಬಗೆ

ಶಾಲೆಯ ಅಂಕಪಟ್ಟಿ, ಅಂಗಡಿಯ ದಾಸ್ತಾನು, ಸಂಘದ ಸದಸ್ಯರ ವಿವರ ಎಲ್ಲವನ್ನೂ ಈಗ ಬ್ರೌಸರ್‌ನಲ್ಲೇ ತುಂಬಿ ತಿದ್ದುತ್ತೇವೆ. ಇಂಥ ಟೇಬಲ್‌ಗಳಲ್ಲಿ ಕಾಲಂನ ತಲೆಬರಹ ಒತ್ತಿದರೆ ಕೆಲವೊಮ್ಮೆ ಸಾಲುಗಳು ಕದಲುವುದೇ ಇಲ್ಲ, ಕೆಲವೊಮ್ಮೆ ಅಡ್ಡಾದಿಡ್ಡಿಯಾಗುತ್ತವೆ. ಟೇಬಲ್ ಕಟ್ಟುವವರು ಈ ಕ್ರಮದಲ್ಲಿ ಪರಿಶೀಲಿಸಿದರೆ ದೋಷ ಕೈಗೆ ಸಿಗುತ್ತದೆ.

1. ಮೌಲ್ಯವನ್ನು ಎಲ್ಲಿಂದ ಓದುತ್ತಿದೆ?
ಸಾರ್ಟ್ ಮಾಡುವ ಕೋಡ್ ಸಾಮಾನ್ಯವಾಗಿ ಕೋಶದೊಳಗಿನ ಪಠ್ಯವನ್ನು ಓದುತ್ತದೆ. ಇನ್‌ಪುಟ್ ಇರುವ ಕೋಶದಲ್ಲಿ ಪಠ್ಯವೇ ಇಲ್ಲ. ಎಲ್ಲ ಸಾಲೂ ಖಾಲಿ, ಹಾಗಾಗಿ ಎಲ್ಲವೂ ಸಮ. ಡ್ರಾಪ್‌ಡೌನ್‌ನಲ್ಲಿ ಅಷ್ಟೂ ಆಯ್ಕೆಗಳ ಪಠ್ಯ ಒಟ್ಟಿಗೆ ಬರುವುದರಿಂದ ಅಲ್ಲೂ ಸಾಲುಗಳು ಸಮವೇ.

ಎಚ್‌ಟಿಎಂಎಲ್‌ನಲ್ಲಿ ಬರೆದ ವ್ಯಾಲ್ಯೂ ಆಟ್ರಿಬ್ಯೂಟ್ ಓದಿದರೂ ಸಾಲದು. 35 ಅಳಿಸಿ 78 ಎಂದು ಟೈಪಿಸಿದ ಮೇಲೂ ಅಲ್ಲಿ 35 ಹಾಗೇ ಉಳಿದಿರುತ್ತದೆ. ಹೊಸ 78 ಸಿಗುವುದು ಇನ್‌ಪುಟ್‌ನ ವ್ಯಾಲ್ಯೂ ಪ್ರಾಪರ್ಟಿಯಲ್ಲಿ. ಚೆಕ್‌ಬಾಕ್ಸ್ ಆದರೆ ಚೆಕ್ಡ್ ಪ್ರಾಪರ್ಟಿ ನೋಡಿ. ಡೇಟಾಟೇಬಲ್ಸ್ ಲೈಬ್ರರಿ ಬಳಸುವವರು ಆ ಕಾಲಂಗೆ 'ಆರ್ಡರ್‌ಡೇಟಾಟೈಪ್' ಸೂಚಿಸಿ, ತಾಜಾ ಮೌಲ್ಯ ಎತ್ತಿಕೊಡುವ ಫಂಕ್ಷನ್ ಸೇರಿಸಬೇಕು.

2. ಸಂಖ್ಯೆ ಸಂಖ್ಯೆಯಾಗಿದೆಯೇ?
ವ್ಯಾಲ್ಯೂ ಪ್ರಾಪರ್ಟಿ ಕೊಡುವುದು ಯಾವಾಗಲೂ ಸ್ಟ್ರಿಂಗ್. ಹಾಗೇ ಸಾರ್ಟ್ ಮಾಡಿದರೆ 9, 35, 100 ಎಂಬುದು 100, 35, 9 ಆಗುತ್ತದೆ. ಹೋಲಿಕೆ ಮೊದಲ ಅಕ್ಷರದಿಂದ ಶುರುವಾಗುವುದೇ ಕಾರಣ. ಮೊದಲು ಸಂಖ್ಯೆಗೆ ಪರಿವರ್ತಿಸಿ. ಪರಿವರ್ತಿಸುವಾಗ ಮೂರು ಎಚ್ಚರಿಕೆ:

• 1,25,000 ಎಂಬುದನ್ನು 'ಪಾರ್ಸ್‌ಫ್ಲೋಟ್' ಕೇವಲ 1 ಎಂದು ಓದುತ್ತದೆ. ಅಲ್ಪವಿರಾಮಗಳನ್ನು ತೆಗೆದು ಕೊಡಿ.
• ಖಾಲಿ ಪೆಟ್ಟಿಗೆಗೆ 'ನಂಬರ್' ಫಂಕ್ಷನ್ 0 ಕೊಡುತ್ತದೆ. ಪರೀಕ್ಷೆಗೆ ಬಾರದ ಮಗು ಸೊನ್ನೆ ತೆಗೆದ ಮಗುವಿನ ಸಾಲಿಗೆ ಸೇರಿಬಿಡುತ್ತದೆ. ಖಾಲಿಗಳನ್ನು ಬೇರ್ಪಡಿಸಿ, ಕೊನೆಗಿಡಿ.
• ೭೮ ಎಂಬ ಕನ್ನಡ ಅಂಕಿ ಜಾವಾಸ್ಕ್ರಿಪ್ಟ್‌ಗೆ ಸಂಖ್ಯೆಯಲ್ಲ. ಅಂತಾರಾಷ್ಟ್ರೀಯ ಅಂಕಿಗೆ ಬದಲಿಸಿಕೊಳ್ಳಿ.

3. ದಿನಾಂಕ ಮತ್ತು ಹೆಸರು
05-11-2023 ಮತ್ತು 12-03-2022 ಸ್ಟ್ರಿಂಗ್ ಆಗಿದ್ದರೆ 2023ರದ್ದೇ ಮೊದಲು ಬರುತ್ತದೆ. ದಿನಾಂಕದ ಇನ್‌ಪುಟ್ ಬಳಸಿದರೆ ಅದರ ಮೌಲ್ಯ ವರ್ಷ-ತಿಂಗಳು-ದಿನ ಕ್ರಮದಲ್ಲೇ ಸಿಗುವುದರಿಂದ ಈ ತೊಂದರೆ ಇಲ್ಲ.

ಕನ್ನಡ ಹೆಸರುಗಳಿಗೆ ಯೂನಿಕೋಡ್ ಸಂಕೇತಗಳ ಕ್ರಮ ನೆಚ್ಚಬೇಡಿ. ವರ್ಣಮಾಲೆಯಲ್ಲಿ ಹ ನಂತರ ಬರುವ ಳ, ಯೂನಿಕೋಡ್‌ನಲ್ಲಿ ವ ಅಕ್ಷರಕ್ಕೂ ಮೊದಲೇ ಇದೆ. 'ಇಂಟಲ್ ಕೊಲೇಟರ್'ಗೆ ಭಾಷೆ ಕನ್ನಡವೆಂದು ತಿಳಿಸಿ, ಕವಿತಾ, ಕಳಸ ಎಂಬೆರಡು ಪದ ಕೊಟ್ಟು ಪರೀಕ್ಷಿಸಿ.

4. ಯಾವಾಗ ಸಾರ್ಟ್ ಮಾಡಬೇಕು?
ಪ್ರತಿ ಕೀ ಒತ್ತಿದಾಗಲೂ ಬೇಡ. 78 ಬರೆಯಲು ಹೊರಟವರು 7 ಒತ್ತುತ್ತಿದ್ದಂತೆ ಸಾಲು ಬೇರೆಡೆಗೆ ಜಿಗಿದರೆ 8 ಎಲ್ಲಿ ಬಿದ್ದೀತು? ತಲೆಬರಹ ಒತ್ತಿದಾಗ ಮಾತ್ರ ಜೋಡಿಸಿ. ತಿದ್ದಿದ ಮೇಲೆ ಕ್ರಮ ತಪ್ಪಿದ್ದರೆ ತಲೆಬರಹದಲ್ಲಿ ಸಾರ್ಟ್ ಕ್ರಮ ತೋರಿಸುವ ಬಾಣದ ಗುರುತು ತೆಗೆದುಬಿಡಿ.

5. ಸಾಲಿಗೆ ಕಾಯಂ ಗುರುತು ಕೊಡಿ
ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. 'ಮೂರನೇ ಸಾಲಿನ ಅಂಕ' ಎಂದು ಸ್ಥಾನ ನೋಡಿ ಉಳಿಸುವ ಕೋಡ್, ಸಾರ್ಟ್ ಆದ ಮೇಲೆ ಒಬ್ಬರ ಅಂಕವನ್ನು ಇನ್ನೊಬ್ಬರ ಹೆಸರಿಗೆ ಬರೆಯಬಹುದು. ಕ್ರಮ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಈ ತಪ್ಪು ಕಾಣುವುದಿಲ್ಲ, ಮಗುವೊಂದಕ್ಕೆ ಅನ್ಯಾಯವಾಗುತ್ತದೆ. ನೋಂದಣಿ ಸಂಖ್ಯೆಯಂಥ ಬದಲಾಗದ ಗುರುತನ್ನು ಪ್ರತಿ ಸಾಲಿಗೂ ಕಟ್ಟಿ, ಅದರ ಆಧಾರದಲ್ಲೇ ಉಳಿಸಿ. ರಿಯಾಕ್ಟ್‌ನಲ್ಲಿ ಬರೆಯುವವರು 'ಕೀ' ಜಾಗಕ್ಕೆ ಸಾಲಿನ ಸ್ಥಾನದ ಬದಲು ಇದೇ ಗುರುತನ್ನು ಕೊಡಲಿ.

6. ಪುಟಗಳಾಗಿ ಒಡೆದಿದ್ದರೆ
ಡೇಟಾಟೇಬಲ್ಸ್‌ನಲ್ಲಿ ಕಾಣದ ಪುಟದ ಸಾಲುಗಳು ಡಾಮ್‌ನಲ್ಲಿ ಇರುವುದಿಲ್ಲ. ಮಾಮೂಲಿ ಫಾರ್ಮ್ ಸಲ್ಲಿಸಿದರೆ ಅಲ್ಲಿ ತಿದ್ದಿದ್ದೆಲ್ಲ ಕೈಬಿಟ್ಟುಹೋಗುತ್ತದೆ. ಲೈಬ್ರರಿಯ ಎಪಿಐ ಮೂಲಕ ಎಲ್ಲ ಸಾಲುಗಳ ಮೌಲ್ಯ ಸಂಗ್ರಹಿಸಿಯೇ ಕಳುಹಿಸಿ.

ಬಳಕೆಗೆ ಬಿಡುವ ಮುನ್ನ 9, 35, 100, ೭೮ ಮತ್ತು ಒಂದು ಖಾಲಿ ಪೆಟ್ಟಿಗೆ ಇರುವ ಐದು ಸಾಲು ಮಾಡಿಕೊಳ್ಳಿ. ಒಂದನ್ನು ತಿದ್ದಿ, ಸಾರ್ಟ್ ಮಾಡಿ, ಉಳಿಸಿ, ಪುಟ ಮರುತೆರೆಯಿರಿ. ಪ್ರತಿ ಅಂಕವೂ ಅದೇ ಹೆಸರಿನ ಎದುರು ಇದ್ದರೆ ಮಾತ್ರ ಟೇಬಲ್ ಅನ್ನು ಇತರರ ಕೈಗೆ ಕೊಡಿ.